ಶಕ್ತಿಗೆ ಗ್ಲೂಕೋಸು

ಓಸೊಂಗ್
10 ಮಾರ್ಚ್ 2013

ಸಾಂಗ್‌ಬೆ ಅಣ್ಣನಿಗೆ,

ಫೋನ್ ಮಾಡಿದರೆ ಕುಕ್ಕಿಬಿಡ್ತೀಯ. ಕುಕ್ಕು, ಎಷ್ಟು ಸಲ ಕುಕ್ತೀಯೋ ನೋಡ್ತೀನಿ. ಕಾಗದವನ್ನ ಕುಕ್ಕೋಕಾಗಲ್ವಲ್ಲ! ಮನೆ ವಿಳಾಸಕ್ಕೆ ಹಾಕಿದರೆ ಅಮ್ಮನ ಕೈಗೆ ಸಿಗುತ್ತೆ ಅಂತ ನಿನ್ನ ಹಗ್ಗ-ಬಲೆ ಅಂಗಡಿಗೇ ಕಳಿಸ್ತಿದ್ದೀನಿ. ಗಿರಾಕಿ ಇಲ್ಲದಾಗ ಓದು.

ಅಮ್ಮನಿಗೆ ಇರೋದು ಹೊಟ್ಟೆಯ ಕ್ಯಾನ್ಸರ್. ಹುಣ್ಣಲ್ಲ. ಇದು ನಿನಗೆ ಗೊತ್ತು, ನನಗೆ ಗೊತ್ತು, ಅತ್ತಿಗೆಗೆ ಗೊತ್ತು, ಬೊಲ್‌ಗ್ಯೊ ಪೇಟೆಯಲ್ಲಿ ಅರ್ಧ ಜನಕ್ಕೆ ಗೊತ್ತಿದ್ದರೂ ಆಶ್ಚರ್ಯ ಇಲ್ಲ. ಗೊತ್ತಿಲ್ಲದೆ ಇರೋಳು ಅಮ್ಮ ಒಬ್ಬಳೇ. ಎಂಥ ಮನೆ ನಮ್ಮದು!

ಗ್ವಾಂಗ್ಜು ಆಸ್ಪತ್ರೆಯಲ್ಲಿ ಹೊಸ ಔಷಧಿಯ ಪ್ರಯೋಗ ಶುರುವಾಗಿದೆ. ಅದು ನಮ್ಮ ಕಂಪನಿಯಲ್ಲೇ ಮಾಡೋದು. 'ಅಲ್ಲಿ ಕೂತು ಏನು ಕಡಿದು ಕಟ್ಟೆ ಹಾಕ್ತೀಯ' ಅಂತ ಹಬ್ಬಕ್ಕೆ ಬಂದಾಗಲೆಲ್ಲ ಕೇಳ್ತೀಯಲ್ಲ, ಇದೇ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ನ್ಯಾನೋ ಕಣ ಅಂತಾರೆ. ಅದರ ಒಳಗೆ ಔಷಧಿ ತುಂಬಿರುತ್ತೆ. ಅದರ ಮೈಮೇಲೆ ಪ್ರತಿಕಾಯ ಅಂಟಿಸೋದು ನನ್ನ ಕೆಲಸ. ಗದ್ದೆ ಬದುವಲ್ಲಿ ನಡೆದರೆ ಪ್ಯಾಂಟಿಗೆ ಮುಳ್ಳುಬೀಜ ಅಂಟ್ಕೊಳ್ಳಲ್ವಾ, ಹಾಗೆ ಈ ಪ್ರತಿಕಾಯ ಕ್ಯಾನ್ಸರ್ ಇರೋ ಜಾಗ ಹುಡುಕಿ ಅಲ್ಲೇ ಕಚ್ಚಿಕೊಳ್ಳುತ್ತೆ. ಔಷಧಿ ಬಹುಪಾಲು ಅಲ್ಲೇ ಇಳಿಯುತ್ತೆ, ಉಳಿದ ಮೈಯನ್ನ ಅಷ್ಟು ಸುಡಲ್ಲ. ಎಲ್ಲರ ಗೆಡ್ಡೆಗೂ ಅದು ಕಚ್ಚಲ್ಲ. ಅಮ್ಮನ ಗೆಡ್ಡೆಗೆ ಕಚ್ಚುತ್ತೆ ಅಂತ ಪರೀಕ್ಷೆಯಲ್ಲಿ ಬಂದಿದೆ. ಆಪರೇಷನ್ ಆಗಲ್ಲ ಅಂದಿದ್ದಾರೆ, ಹಳೇ ಔಷಧಿಯನ್ನ ಈ ವಯಸ್ಸಲ್ಲಿ ಅವಳ ಮೈ ತಡ್ಕೊಳ್ಳಲ್ಲ. ಉಳಿದಿರೋದು ಇದೊಂದೇ ದಾರಿ ಅಣ್ಣ.

ಆದರೆ ಅವಳೇ ಒಪ್ಪಬೇಕು. ಕಾಯಿಲೆ ಏನು ಅಂತ ತಿಳ್ಕೊಂಡು, ಔಷಧಿಯಿಂದ ಏನೇನು ಆಗಬಹುದು ಅಂತ ಕೇಳ್ಕೊಂಡು, ಒಪ್ಪಿಗೆ ಪತ್ರಕ್ಕೆ ಸಹಿಯ ಬದಲು ತನ್ನ ಹೆಸರಿನ ಮುದ್ರೆ ತಾನೇ ಒತ್ತಬೇಕು. ಮಗ ಒಪ್ಪಿದರೆ ನಡೆಯಲ್ಲ. ಏಪ್ರಿಲ್ ಮುಗಿದರೆ ಸೇರಿಸಿಕೊಳ್ಳೋದು ನಿಲ್ಲಿಸ್ತಾರೆ.

ಅಮ್ಮನಿಗೆ ಹೇಳು. ಮನೆಗೆ ಹಿರಿಮಗ ನೀನು, ಅವಳ ಪಕ್ಕದಲ್ಲಿರೋನು ನೀನು. ಫೋನಲ್ಲಿ ಹೇಳೋ ಮಾತಾ ಇದು? ಆಗಿದ್ದರೆ ನಾನೇ ಹೇಳಿಬಿಡ್ತಿದ್ದೆ.

ಯೊನ್‌ಹ್ವಾ


ಬೊಲ್‌ಗ್ಯೊ
17 ಮಾರ್ಚ್ 2013

ಯೊನ್‌ಹ್ವಾಗೆ,

ಕಾಗದ ತಲುಪಿತು. ನೀನು ಓದಿದವಳು, ನಿನ್ನ ಔಷಧಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಅಮ್ಮ ನಿನ್ನೆಯೂ ಕಡಲು ಇಳಿದ ಹೊತ್ತಿಗೆ ದಡದ ಕೆಸರಿಗೆ ಇಳಿದಿದ್ದಳು. ಬೇಡವೆಂದರೆ ಕೇಳುವವಳಲ್ಲ. ಹಲಗೆಯ ಮೇಲೆ ಒಂದು ಮಂಡಿ ಊರಿ, ಇನ್ನೊಂದು ಕಾಲಿನಿಂದ ಕೆಸರು ತಳ್ಳುತ್ತ ದೂರದವರೆಗೆ ಹೋಗಿ ಚಿಪ್ಪಿ ತಂದಳು. ತನಗಿಂತ ಕಿರಿಯ ಹೆಂಗಸರನ್ನು 'ಏನ್ರೇ, ಬಾಣಂತಿಯರ ಥರ ಕೂತಿದ್ದೀರಾ' ಎಂದು ಬೈದುಕೊಂಡೇ ಬಂದಳಂತೆ. ಕಾಯಿಲೆ ಬಿದ್ದವರು ಹೀಗಿರುವುದಿಲ್ಲ. ಹೇಳಿದ ದಿನ ಅವಳು ಕಾಯಿಲೆಯವಳಾಗುತ್ತಾಳೆ.

ಅಪ್ಪನಿಗೆ ದೊಡ್ಡಪ್ಪ ಕಾಯಿಲೆಯ ನಿಜ ಹೇಳಿದ ದಿನ ನೀನು ಇರಲಿಲ್ಲ. ಸಿಯೋಲಿನಲ್ಲಿ ಓದುತ್ತಿದ್ದೆ. ನಾನಿದ್ದೆ. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಗಂಜಿ ಮುಟ್ಟಲಿಲ್ಲ, ನನ್ನೊಡನೆ ಮಾತಾಡಲಿಲ್ಲ. ಕಾಯಿಲೆಗಿಂತ ಮೊದಲು ಆ ಮಾತೇ ಅವರನ್ನು ತೆಗೆದುಕೊಂಡು ಹೋಯಿತು. ಹೇಳು ಎನ್ನುವುದು ನಿನಗೆ ಸುಲಭ. ಎದುರು ಕೂತು ಆ ಮುಖ ನೋಡಬೇಕಾದವನು ನಾನು.

ಹೇಳುವುದಿಲ್ಲ. ಇದೇ ಕಡೆಯ ಮಾತು.

ಅಣ್ಣ


ಓಸೊಂಗ್
22 ಮಾರ್ಚ್ 2013

ಅಣ್ಣ,

ಕಡೆಯ ಮಾತಂತೆ! ಯಾರಪ್ಪ ನೀನು, ಜಡ್ಜಾ? ಮೈ ಅವಳದು, ತೀರ್ಪು ನಿನ್ನದು!

ಅಪ್ಪನ ಕಥೆ ನನಗೆ ಹೇಳಬೇಡ. ಅವರಿಗೆ ಹೇಳಿದ್ದು ಯಾವಾಗ? ಎದ್ದು ಕೂರೋಕೂ ತ್ರಾಣ ಇಲ್ಲದಾಗ. ಅಲ್ಲಿ ತನಕ ಎಲ್ಲರೂ ಸೇರಿ ಗ್ಯಾಸ್ಟ್ರಿಕ್ಕು ಗ್ಯಾಸ್ಟ್ರಿಕ್ಕು ಅಂತ ಜಪ ಮಾಡಿದಿರಿ. ಆಮೇಲೆ ಮನುಷ್ಯ ಗೋಡೆಗೆ ಮುಖ ಮಾಡದೆ ಕುಣೀತಾನಾ? ಅಪ್ಪ ಹೆದರಿದರು, ನಿಜ. ಅಮ್ಮ ಅಪ್ಪ ಅಲ್ಲ. ಗಂಡ ಸತ್ತ ಮೇಲೆ ಆ ಕೆಸರಲ್ಲೇ ಮಂಡಿ ಸವೆಸಿ ನಮ್ಮಿಬ್ಬರನ್ನ ದಡ ಹತ್ತಿಸಿದೋಳು ಅವಳು. ಅವಳನ್ನ ನೀನು ಗಾಜಿನ ಲೋಟ ಅಂದ್ಕೊಂಡಿದ್ದೀಯ.

ಪ್ರತಿಕಾಯ ಅಂಟಿಸೋವಾಗ ಒಂದು ತೊಂದರೆ ಬರುತ್ತೆ ಗೊತ್ತಾ? ಕೆಲವು ತಲೆಕೆಳಗಾಗಿ ಅಂಟಿಕೊಳ್ತವೆ. ಇರೋದೇನೋ ಇರ್ತವೆ, ಲೆಕ್ಕಕ್ಕೂ ಸಿಗ್ತವೆ, ಆದರೆ ಮುಖ ಬೇಕಾದ ಕಡೆ ಇರಲ್ಲ, ಯಾವುದನ್ನೂ ಹಿಡಿಯಲ್ಲ. ನಮ್ಮ ಮನೆ ಗಂಡಸರ ಹಾಗೆ!

ಹೇಗಾದರೂ ಮಾಡು. ಏಪ್ರಿಲ್ ಮುಗಿಯೋದರೊಳಗೆ ಆ ಮುದ್ರೆ ಬೀಳಬೇಕು. ಬೀಳಲಿಲ್ಲ ಅಂದ್ಕೋ, ಅಮ್ಮನ್ನ ಕೊಂದೋನು ನೀನೇ ಅಂತ ನನ್ನ ಜೀವ ಇರೋವರೆಗೂ ಹೇಳ್ತೀನಿ. ನಿನ್ನ ಮಕ್ಕಳ ಮುಂದೆ ಹೇಳ್ತೀನಿ, ಅಪ್ಪನ ತಿಥಿ ದಿನ ನೆಂಟರೆಲ್ಲ ಕೂತಿರೋವಾಗ ಹೇಳ್ತೀನಿ. ನಾನು ಮಾಡ್ತೀನೋ ಇಲ್ವೋ ಅಂತ ನಿನಗೆ ಗೊತ್ತು.

ಯೊನ್‌ಹ್ವಾ


ಬೊಲ್‌ಗ್ಯೊ
21 ಏಪ್ರಿಲ್ 2013

ಯೊನ್‌ಹ್ವಾಗೆ,

ಹೇಳಾಯಿತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು 'ಸರಿ' ಎಂದಳು. ಮುದ್ರೆ ಬಿದ್ದಿದೆ. ಪತ್ರವನ್ನು ಗ್ವಾಂಗ್ಜುವಿಗೆ ಹೋಗಿ ಕೊಟ್ಟು ಬಂದೆ.

ಆ ಕಾಯಿಲೆಯ ಹೆಸರನ್ನು ನಿನ್ನ ಬಾಯಿಂದ ಕೇಳಲಾರೆ ಎಂದಿದ್ದಾಳೆ. ಭಾನುವಾರದ ಫೋನಿನಲ್ಲಿ ಆ ಮಾತು ಎತ್ತಬೇಡ. ನೀನು ಕೇಳಿದ್ದು ಆಯಿತಲ್ಲ, ಇನ್ನು ಸುಮ್ಮನಿರು.

ಅಣ್ಣ


ಓಸೊಂಗ್
29 ಏಪ್ರಿಲ್ 2013

ನನ್ನ ಅಣ್ಣನಿಗೆ,

ನಿನ್ನ ಕಾಗದ ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಓದಿದೆ. ಬೈದಿದ್ದೆಲ್ಲ ಬೈದಿದ್ದೇ, ವಾಪಸ್ ತಗೊಳ್ಳಲ್ಲ. ಆದರೆ ನೀನು ಮಾಡಿದ್ದು ಸಣ್ಣ ಕೆಲಸ ಅಲ್ಲ ಅಂತ ನನಗೂ ಗೊತ್ತು. ಅವಳ ಎದುರು ಕೂತು ಆ ಮಾತು ಹೇಳೋವಾಗ ನಿನಗೆ ಹೇಗಾಯ್ತೋ! ನಾನು ಪಕ್ಕದಲ್ಲಿ ಇರಬೇಕಿತ್ತು ಅನ್ನಿಸಿತು.

ಅಮ್ಮ ಎಂಥ ಗಟ್ಟಿಗಿತ್ತಿ ಅಣ್ಣ! ನಿನ್ನೆ ಫೋನ್ ಮಾಡಿದ್ದೆ. ಅತ್ತಿಗೆ ಹಾಕಿದ ಕಿಮ್ಚಿಗೆ ಉಪ್ಪು ಜಾಸ್ತಿ, ಈ ಸಲ ಚಿಪ್ಪಿ ಸಣ್ಣದು, ನಿನ್ನ ಮದುವೆ ನೋಡೋದು ಮುಂದಿನ ಜನ್ಮಕ್ಕೇ ಸರಿ, ಇಷ್ಟೇ ಮಾತು. ದನಿಯಲ್ಲಿ ಒಂಚೂರು ನಡುಕ ಇರಲಿಲ್ಲ. ಒಳಗೆ ಅಷ್ಟು ದೊಡ್ಡದನ್ನ ಇಟ್ಕೊಂಡು ಹೊರಗೆ ಉಪ್ಪಿನ ಮಾತಾಡ್ತಾಳಲ್ಲ. ನೀನು ಹೇಳಿದ ಹಾಗೆ ನಾನೂ ಏನೂ ಎತ್ತಲಿಲ್ಲ. ಫೋನಿಟ್ಟ ಮೇಲೆ ಚೆನ್ನಾಗಿ ಅತ್ತುಬಿಟ್ಟೆ.

ಒಂದು ವಿಷಯ ಮಾತ್ರ ಮರೀಬೇಡ. ಈ ಕಣಗಳು ಎಷ್ಟೇ ಜಾಣ ಆದರೂ ಒಂದಷ್ಟು ಹೋಗಿ ಲಿವರಲ್ಲಿ ಸೇರ್ಕೊಳ್ತವೆ. ಆ ಹೊತ್ತಲ್ಲಿ ಹೊರಗಿನ ಕಷಾಯ, ಬೇರು, ಲೇಹ್ಯ ಯಾವುದೂ ಹೊಟ್ಟೆಗೆ ಹೋಗಬಾರದು. ಲಿವರ್ ಕೈಕೊಟ್ಟರೆ ಔಷಧಿ ನಿಲ್ಲಿಸಿಬಿಡ್ತಾರೆ. ಅತ್ತಿಗೆಗೂ ಹೇಳು. ಅಮ್ಮನಿಗಂತೂ ಆಸ್ಪತ್ರೆಯವರು ಕೂರಿಸಿಕೊಂಡು ಹೇಳಿರ್ತಾರೆ ಬಿಡು.

ನಿನ್ನ ತಂಗಿ


ಬೊಲ್‌ಗ್ಯೊ
16 ಜೂನ್ 2013

ಯೊನ್‌ಹ್ವಾಗೆ,

ನಿನಗೆ ತಿಳಿಸಬೇಕೆನಿಸಿತು, ಅದಕ್ಕೆ ಬರೆಯುತ್ತಿದ್ದೇನೆ. ಮೊದಲ ಸಲ ಔಷಧಿ ಏರಿಸಿದಾಗ ಅಮ್ಮನಿಗೆ ಚಳಿ ಬಂದು ಹಲ್ಲು ಕಟಕಟ ಎನ್ನುವಂತೆ ನಡುಗಿದಳು. ಆಮೇಲಿನ ಸಲ ಏನೂ ಆಗಲಿಲ್ಲ. ಮೊನ್ನೆ ಸ್ಕ್ಯಾನ್ ಮಾಡಿದರು. ಗೆಡ್ಡೆ ಚಿಕ್ಕದಾಗಿದೆ ಎಂದು ನಾಮ್‌ಗುಂಗ್ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಕಾರಿಡಾರಿನಲ್ಲೇ ಅವರ ಕೈ ಹಿಡಿದುಕೊಂಡೆ. ನಿನ್ನ ಮುಳ್ಳುಬೀಜ ಕಚ್ಚಿಕೊಂಡಿದೆ.

ಊಟ ಸೇರುತ್ತಿದೆ. ಮುಖಕ್ಕೆ ಬಣ್ಣ ಬಂದಿದೆ. ಕಷಾಯಗಳನ್ನೆಲ್ಲ ನಿಲ್ಲಿಸಿದ್ದೇವೆ. ನಿನ್ನ ಅತ್ತಿಗೆ ಬೆಳಿಗ್ಗೆ ಸಂಜೆ ಮೈಗೆ ಹಿಡಿಯುವಂಥದ್ದನ್ನು ಮಾಡಿ ಕೊಡುತ್ತಾಳೆ, ಅವಳ ತವರಿನಿಂದಲೂ ಕಳಿಸುತ್ತಾರೆ. ಅಮ್ಮ ಬೇಡವೆನ್ನದೆ ಕುಡಿಯುತ್ತಾಳೆ.

ಚುಸೊಕ್ ಹಬ್ಬಕ್ಕೆ ಬಾ.

ಅಣ್ಣ


ಓಸೊಂಗ್
13 ಜುಲೈ 2013

ಪ್ಯೊ ಸಾಂಗ್‌ಬೆ,

ಅಣ್ಣ ಅಂತ ಬರೆಯೋಕೆ ಕೈ ಬರ್ತಿಲ್ಲ, ಮನೆತನದ ಹೆಸರು ಸೇರಿಸಿ ಬರೆದಿದ್ದೀನಿ.

ನಿನ್ನೆ ನಮ್ಮಲ್ಲಿ ಮೀಟಿಂಗ್ ಇತ್ತು. ಯಾವ ಆಸ್ಪತ್ರೆಯಲ್ಲಿ ರೋಗಿಗಳಿಗೆ ಏನಾಯ್ತು ಅಂತ ಹೆಸರಿಲ್ಲದೆ ಓದಿ ಹೇಳ್ತಾರೆ. ಗ್ವಾಂಗ್ಜು, ಎಪ್ಪತ್ತು ದಾಟಿದ ಹೆಂಗಸು, ಲಿವರ್ ಕೆಟ್ಟಿದೆ. ಕಾರಣ ಹುಡುಕಿದರೆ ಸೊಸೆ ಕೊಡ್ತಿದ್ದ ಕಪ್ಪು ಆಡಿನ ಮಾಂಸದ ರಸ, ಅದರ ಜೊತೆ ಹಾಕಿ ಕುದಿಸಿದ ಇಲ್ಲಸಲ್ಲದ ಬೇರು. ನರ್ಸ್ ಕೇಳಿದಳಂತೆ, 'ಅಜ್ಜಿ, ನಿಮಗೆ ಏನು ಔಷಧಿ ಕೊಡ್ತಿದ್ದೀವಿ, ನಿಮ್ಮ ಮಾತಲ್ಲೇ ಹೇಳಿ.' ಅಜ್ಜಿ ಹೇಳಿದಳಂತೆ, 'ಔಷಧಿ ಎಲ್ಲಮ್ಮಾ, ಹುಣ್ಣಾಗಿದೆ, ಶಕ್ತಿಗೆ ಅಂತ ಗ್ಲೂಕೋಸು ಹಾಕಿಸ್ತಾನೆ ನನ್ನ ಮಗ.'

ಇದನ್ನ ಓದಿದಾಗ ಎಲ್ಲರೂ ನಕ್ಕರು. ಇಷ್ಟು ವರ್ಷ ಕಷ್ಟಪಟ್ಟು ಮಾಡಿದ್ದು ಗ್ಲೂಕೋಸಂತೆ! ನಾನೂ ನಕ್ಕೆ. ಮುಂದಿನ ಸಾಲು ಓದೋವರೆಗೂ ನಕ್ಕೆ. ಬೊಲ್‌ಗ್ಯೊ ಕಡೆಯವಳು, ಕೆಸರಲ್ಲಿ ಚಿಪ್ಪಿ ಆರಿಸ್ತಾಳೆ, ಒಪ್ಪಿಗೆ ಪತ್ರಕ್ಕೆ ಮುದ್ರೆ ಒತ್ತಿದ್ದು ಮಗ. ಎದ್ದು ಹೊರಗೆ ಬಂದುಬಿಟ್ಟೆ.

ಅಂಚೆಯವನು ಬಂದರೂ ಅಮ್ಮನ ಮುದ್ರೆ ಒತ್ತೋನು ನೀನೇ, ಪಂಚಾಯ್ತಿ ಕಾಗದಕ್ಕೂ ನೀನೇ. ಅದೇ ಚಾಳಿಯಲ್ಲಿ ಇದಕ್ಕೂ ಒತ್ತಿಬಿಟ್ಟೆಯಾ? ಮೀನಿನ ಬುಟ್ಟಿ ತಲುಪಿದೆ ಅಂತ ಒತ್ತೋ ಮುದ್ರೆನಾ ಇದು? 'ಸರಿ ಎಂದಳು' ಅಂತ ಬರೆದೆಯಲ್ಲ, ಆ ಸರಿಯನ್ನ ಎಲ್ಲಿಂದ ತಂದೆ? 'ಸ್ವಲ್ಪ ಹೊತ್ತು ಸುಮ್ಮನಿದ್ದು' ಅಂತೆ! ಎಷ್ಟು ಚೆನ್ನಾಗಿ ಕಟ್ಟಿದೀಯೋ! ಮಗನೇ ಎಲ್ಲ ತಿಳಿಸಿ ಹೇಳ್ತಾನೆ ಅಂತ ನಂಬಿದ ಆ ಆಸ್ಪತ್ರೆಯವರಿಗೂ ಬುದ್ಧಿ ಇಲ್ಲ.

ಅವಳನ್ನ ಪ್ರಯೋಗದಿಂದ ತೆಗೆದಿದ್ದಾರೆ. ಔಷಧಿ ನಿಲ್ಲಿಸಿದ್ದಾರೆ. ಕೆಲಸ ಮಾಡ್ತಿದ್ದ ಔಷಧಿ! ಗೆಡ್ಡೆ ಕರಗ್ತಿತ್ತು ಕಣೋ! ಅವಳಿಗೆ ಗೊತ್ತಿದ್ದಿದ್ದರೆ ಆ ರಸವನ್ನ ಬಾಯಿಗೆ ತಗೋತಿದ್ದಳಾ? ಲೋಟವನ್ನ ಗೋಡೆಗೆ ಎಸೀತಿದ್ದಳು.

ಯೊನ್‌ಹ್ವಾ


ಬೊಲ್‌ಗ್ಯೊ
20 ಜುಲೈ 2013

ಯೊನ್‌ಹ್ವಾ,

ಬೈದು ಮುಗಿಯಿತೇ? ಈಗ ನನ್ನ ಮಾತನ್ನೂ ಕೇಳು.

'ಹೇಗಾದರೂ ಮಾಡು, ಮುದ್ರೆ ಬೀಳಬೇಕು' ಎಂದು ಬರೆದವರು ಯಾರು? ಕೊಂದವನು ನೀನೇ ಎಂದು ನನ್ನ ಮಕ್ಕಳ ಮುಂದೆ ಹೇಳುತ್ತೇನೆ ಎಂದವರು ಯಾರು? ಮುದ್ರೆ ಬೀಳಲಿಲ್ಲವೆಂದರೆ ನಾನು ಕೊಲೆಗಾರ, ಬಿದ್ದರೆ ಮೋಸಗಾರ. ನನಗೆ ನೀನು ಉಳಿಸಿದ ಜಾಗ ಯಾವುದು ಹೇಳು ನೋಡೋಣ.

ಹೇಳಲು ಹೋಗಿದ್ದೆ. ನಂಬಿದರೆ ನಂಬು, ಬಿಟ್ಟರೆ ಬಿಡು. ಅವಳು ದಡದಲ್ಲಿ ಕೂತು ಹಲಗೆ ತೊಳೆಯುತ್ತಿದ್ದಳು. 'ಅಮ್ಮ' ಎಂದೆ. 'ಏನೋ, ಮುಖ ಯಾಕೋ ಹಾಗಿದೆ? ಹೆಂಡತಿ ಊಟ ಹಾಕಲಿಲ್ವಾ?' ಎಂದು ನಕ್ಕಳು. ಅವಳ ಕೈಯಿಂದ ಹಲಗೆ ತೆಗೆದುಕೊಂಡು ನಾನೇ ತೊಳೆದೆ. ಆ ನಗು ಇನ್ನೂ ಕೆಲವು ದಿನ ಇರಲಿ ಎಂದುಕೊಂಡೆ. ಅದು ತಪ್ಪಾದರೆ ನಾನು ತಪ್ಪು ಮಾಡಿದ್ದೇನೆ.

ನಿನ್ನ ಅತ್ತಿಗೆಯನ್ನು ಮಾತ್ರ ಎಳೆಯಬೇಡ. ನಾನು ಕಷಾಯ ಬೇಡ ಎಂದೆ, ಅವಳು ಕಷಾಯ ಕೊಡಲಿಲ್ಲ. ಕಪ್ಪು ಆಡಿನ ರಸ ನಮ್ಮಲ್ಲಿ ಊಟ. ನೀನು ಕಾಲೇಜಿಗೆ ಹೋಗುವ ಮುನ್ನ ಅಮ್ಮ ನಿನಗೂ ಕುಡಿಸಿದ್ದಳು. ಅದನ್ನು ಔಷಧಿ ಎಂದು ಯಾರು ಅಂದುಕೊಳ್ಳುತ್ತಾರೆ?

ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ನನ್ನನ್ನು ಏನೂ ಕೇಳಿಲ್ಲ. ನಾನೂ ಹೇಳಿಲ್ಲ. ಸಪ್ಪಗಿದ್ದಾಳೆ. ಲಿವರಿನ ಸುಸ್ತು ಇರಬೇಕು.

ಸಾಂಗ್‌ಬೆ


ಬೊಲ್‌ಗ್ಯೊ
4 ಆಗಸ್ಟ್ 2013

ಯೊನ್‌ಹ್ವಾ,

ನಿಮ್ಮಮ್ಮ ಬರೀತಿರೋದು. ಸತ್ತಿಲ್ಲ.

ಅಕ್ಷರ ಓರೆಕೋರೆ ಇದ್ದರೆ ಕಷ್ಟಪಟ್ಟು ಓದು. ನಿಮ್ಮಿಬ್ಬರಿಗೆ ಕಾಗದ ಓದೋ ಅಭ್ಯಾಸ ಚೆನ್ನಾಗಿಯೇ ಇದೆಯಲ್ಲ.

ಆ ನರ್ಸು ಹುಡುಗಿ ಗ್ಲೂಕೋಸು ಅಂದ ನನ್ನ ಮಾತು ಕೇಳಿ ಪೆನ್ನು ಕೆಳಗಿಟ್ಟಳು. ಆಮೇಲೆ ನಿಮ್ಮಣ್ಣನ ಮುಖ ನೋಡಿದಳು. ಅವನು ನೆಲ ನೋಡಿದ. ಮನೆಗೆ ಬಂದ ಮೇಲೆ ಅವನು ತಾನಾಗೇ ಬಾಯಿಬಿಡ್ತಾನಾ ಅಂತ ಕಾದೆ. ಬಿಡಲಿಲ್ಲ. ಮೊನ್ನೆ ಸಂತೆಗೆ ಹೋಗ್ತೀನಿ ಅಂತ ಹೇಳಿ ಗ್ವಾಂಗ್ಜು ಬಸ್ಸು ಹತ್ತಿದೆ. ನಾಮ್‌ಗುಂಗ್ ಡಾಕ್ಟರ ಎದುರು ಹೋಗಿ ಕೂತೆ. ನನಗೆ ಏನಾಗಿದೆ ಹೇಳಿ ಅಂದೆ.

'ಅಜ್ಜಿ, ಮನೆಯವರನ್ನ ಕರ್ಕೊಂಡು ಬನ್ನಿ' ಅಂದರು.

'ನನ್ನ ಹೊಟ್ಟೆ ನನ್ನ ಜೊತೆಗೇ ಬಂದಿದೆ, ಇನ್ಯಾರು ಬೇಕು?' ಅಂದೆ.

ಎಲ್ಲ ಹೇಳಿದರು. ಕ್ಯಾನ್ಸರ್ ಅಂದರು. ನೀನು ಮಾಡೋ ಕಣದ ವಿಷಯವನ್ನೂ ಬಿಡಿಸಿ ಹೇಳಿದರು, ನನಗೂ ಅರ್ಥ ಆಯ್ತು. ನೋಡು, ಅರ್ಥ ಆಗುತ್ತೆ ನನಗೆ. ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ನಿಮ್ಮಣ್ಣನ ಕೈಯಿಂದ ಕಿತ್ಕೊಂಡು ಓದಿದೆ. ಅವನು ನಿನಗೆ ಏನು ಬರೆದ ಅಂತಲೂ ಬಾಯಿ ಬಿಡಿಸಿದೆ.

ಈಗ ನೀವಿಬ್ಬರೂ ಸಮಾಧಾನ ಮಾಡ್ಕೊಳ್ಳೋಕೆ ನೋಡ್ತೀರಿ, ಅಮ್ಮನಿಗೆ ಒಳಗೊಳಗೆ ಎಲ್ಲ ಗೊತ್ತಿತ್ತು, ತಾಯಿ ಕರುಳು ಅಂತ. ಗೊತ್ತಿರಲಿಲ್ಲ. ನಂಬಿದ್ದೆ. ಹೆತ್ತ ಮಗ ಹುಣ್ಣು ಅಂದರೆ ನನಗೆ ಅದು ಹುಣ್ಣೇ. ಮುಂದಿನ ವರ್ಷಕ್ಕೆ ಅಂತ ಹೊಸ ಹಲಗೆ ಮಾಡಿಸೋಕೆ ಕೊಟ್ಟಿದ್ದೀನಿ ಕಣೆ. ನಾನು ಬಡಗಿ ಹತ್ತಿರ ಮರ ಆರಿಸೋವಾಗ ನಿಮ್ಮಣ್ಣ ಪಕ್ಕದಲ್ಲಿ ನಿಂತು 'ಇದು ಗಟ್ಟಿ ಇದೆ ಅಮ್ಮ' ಅಂದ. ಆ ದಿನ ನೆನೆಸಿಕೊಂಡರೆ ಮೈ ಉರಿಯುತ್ತೆ.

ನಿಮ್ಮಪ್ಪ ಹೆದರಿದರಂತೆ. ಯಾರು ಹೇಳಿದರು ನಿಮಗೆ? ನಿಮ್ಮಣ್ಣ ಬಾಗಿಲಲ್ಲಿ ನಿಂತು ಬೆನ್ನು ನೋಡಿದ. ಒಳಗೆ ಕೂತಿದ್ದೋಳು ನಾನು. ಅವರು ಗೋಡೆಗೆ ಮುಖ ಮಾಡಿದ್ದು ಸಿಟ್ಟಿಗೆ. ನಿಮ್ಮ ದೊಡ್ಡಪ್ಪ ನನ್ನನ್ನೂ ಸೇರಿಸಿ ಊರಿಗೆಲ್ಲ ಗ್ಯಾಸ್ಟ್ರಿಕ್ಕು ಅಂತ ನಂಬಿಸಿದ್ದ. 'ನನ್ನ ಸಾವು ಅವನಿಗೆ ಮೊದಲು ಗೊತ್ತಾಯ್ತಲ್ಲ ಜೊಮ್‌ಸುನ್' ಅಂದರು. ಅಷ್ಟೇ ಅಂದಿದ್ದು. ನೀವಿಬ್ಬರೂ ಅದನ್ನ ಹೆದರಿಕೆ ಅಂತ ತೀರ್ಮಾನ ಮಾಡಿ, ಅದರ ಮೇಲೆ ನನ್ನ ಹಣೆಬರಹ ಬರೆದಿರಿ. ಒಬ್ಬರಾದರೂ ನನ್ನನ್ನ ಕೇಳಿದಿರಾ?

ನಿಮ್ಮಣ್ಣನಿಗೆ ಹೇಳಬೇಕಾದ್ದೆಲ್ಲ ಹೇಳಿ ಆಗಿದೆ. ನನ್ನ ಹೆಸರನ್ನ ತನ್ನ ಕೈಯಲ್ಲಿ ಒತ್ತಿದ್ದಕ್ಕೆ ಕೆನ್ನೆಗೆ ಬಿಟ್ಟೆ, ಅಷ್ಟು ದೊಡ್ಡ ಗಂಡಸಿಗೆ. ಈಗ ನಿನ್ನ ಸರದಿ.

ಹೇಳು ಹೇಳು ಅಂತ ಅವನ ಮೇಲೆ ಅರಚಿದೆಯಲ್ಲ, ನಿನ್ನ ಬಾಯಿಗೆ ಏನಾಗಿತ್ತು? ಭಾನುವಾರ ತಪ್ಪದೆ ಫೋನ್ ಮಾಡಿದೆ. ನನ್ನ ಹೊಟ್ಟೆಯಲ್ಲಿ ಏನಿದೆ ಅಂತ ನಿನಗೆ ಗೊತ್ತಿತ್ತು. ನೀನು ಚಿಪ್ಪಿ ಎಷ್ಟು ದಪ್ಪ ಇದೆ ಅಂತ ಕೇಳಿದೆ. ಓಸೊಂಗಿಂದ ಬಸ್ಸು ಇರಲಿಲ್ವಾ? ಕಾಲು ಇರಲಿಲ್ವಾ? ಫೋನಲ್ಲಿ ಹೇಳೋ ಮಾತಲ್ಲ ಅಂತ ಬರೆದಿದ್ದೀಯ. ಹಾಗಾದರೆ ಬರಬೇಕಿತ್ತು. ನಿನಗೆ ಸತ್ಯ ಬೇಕಿತ್ತು, ಹೇಳೋ ಕಷ್ಟ ಅವನಿಗಿರಲಿ ಅಂದೆ. ಅವನು ಹೇಡಿ, ನೀನು ಧೈರ್ಯಸ್ಥೆ ಅಂದ್ಕೊಂಡಿದ್ದೀಯ. ಅವನಾದರೂ ಎದುರು ಬಂದು ಕೂತು 'ಅಮ್ಮ' ಅಂದ. ನೀನು ಅಷ್ಟೂ ಮಾಡಲಿಲ್ಲ.

ಮೀಟಿಂಗಲ್ಲಿ ನಕ್ಕೆಯಂತೆ. ಅದಕ್ಕೆ ನಾನು ಏನೂ ಹೇಳಲ್ಲ. ಅದನ್ನ ನೀನೇ ಇಟ್ಕೋ.

ಸೊಸೆ ಮೇಲೆ ಅಷ್ಟು ಸಿಟ್ಟಿಲ್ಲ. ಅವಳೂ ಸುಳ್ಳು ಹೇಳಿದಳು, ಆದರೆ ಆ ರಸ ಕೊಡೋವಾಗ ಪ್ರತಿ ಸಲ ಕಣ್ಣು ತಪ್ಪಿಸಿದಳು. ನೀವು ಅಷ್ಟು ನಾಚಿಕೆಯನ್ನೂ ತೋರಿಸಲಿಲ್ಲ.

ಲಿವರ್ ಸುಧಾರಿಸ್ತಿದೆಯಂತೆ. ಚಳಿಗಾಲಕ್ಕೆ ಮುಂಚೆ ಇನ್ನೊಂದು ಗುಂಪಿಗೆ ಔಷಧಿ ಶುರು ಮಾಡ್ತಾರಂತೆ. ನನ್ನಿಂದ ತಪ್ಪಾಗಿಲ್ಲ ಅಂತ ತೋರಿಸಿ ನನ್ನ ಹೆಸರು ಮತ್ತೆ ಸೇರಿಸೋಕೆ ಕೇಳಿ ನೋಡ್ತೀನಿ ಅಂದರು ಡಾಕ್ಟರು. ಕೆಲಸ ಮಾಡುತ್ತೆ ಅನ್ನೋ ಖಾತ್ರಿ ಇಲ್ಲ, ಮಾಡಲ್ಲ ಅಂತಲೂ ಇಲ್ಲ, ಮೈಗೆ ಏನೇನು ಆಗಬಹುದು ಅನ್ನೋದನ್ನ ಒಂದೊಂದಾಗಿ ಹೇಳಿದರು. ಸುಳ್ಳು ಬೆರೆಸದೆ ಮಾತಾಡಿದ ಮೊದಲನೇ ಮನುಷ್ಯ. 'ಏನು ಮಾಡೋಣ ಅಜ್ಜಿ?' ಅಂತ ನನ್ನನ್ನೇ ಕೇಳಿದರು. ಈ ವರ್ಷದಲ್ಲಿ ಯಾರಾದರೂ ನನ್ನನ್ನ ಏನಾದರೂ ಕೇಳಿದ್ದು ಅದೇ ಮೊದಲು.

ಅಲ್ಲೇ ಕೂತು ಯೋಚನೆ ಮಾಡಿ ಉತ್ತರ ಕೊಟ್ಟು ಬಂದೆ. ಆಗಲಿ ಅಂದೆನೋ, ಸಾಕು ಅಂದೆನೋ, ನಿಮಗೆ ಹೇಳಲ್ಲ. ಡಾಕ್ಟರಿಗೂ ಹೇಳಿದ್ದೀನಿ, ನನ್ನ ಮಕ್ಕಳು ಬಂದು ಕೇಳಿದರೆ ಬಾಯಿ ಬಿಡಬೇಡಿ ಅಂತ. ಹೂಂ ಅಂದಿದ್ದಾರೆ. ನೀನು ಫೋನ್ ಮಾಡು, ದನಿ ಕೇಳಿ ಊಹೆ ಮಾಡು. ಅವನು ದಿನಾ ನನ್ನ ಮುಖ ನೋಡಿ ಊಹೆ ಮಾಡಲಿ.

ಇದನ್ನ ನಿಮ್ಮಣ್ಣನನ್ನ ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. 'ಏನಂದೆ ಹೇಳಮ್ಮ, ಏನಂದೆ' ಅಂತ ಕಾಲು ಹಿಡ್ಕೊಂಡು ಅಳ್ತಿದ್ದಾನೆ. ಅಳಲಿ.

ತಕ್ ಜೊಮ್‌ಸುನ್